ಬ್ರೂಸ್ ಲೀ ಬ್ಲೂ-ರೇ ಬಾಕ್ಸ್ ಸೆಟ್: ತಗೋಬೋದು, ಆದ್ರೆ ಮೊದಲು ಪ್ಲೇಯರ್ ನೋಡ್ಕೊಳಿ

ಸಿನಿಮಾಗಳನ್ನ ಡಿಸ್ಕಲ್ಲಿ ತರೋ ಅಮೆರಿಕಾದ ಕಂಪನಿ ಕ್ರೈಟೀರಿಯನ್‌ನೋರು 2020ರಲ್ಲಿ ತಂದ ಸೆಟ್ ಇದು, 7 ಡಿಸ್ಕು, 5 ಮೇನ್ ಸಿನಿಮಾ, ಮೇಲೆ ಒಂದಷ್ಟು ಡಾಕ್ಯುಮೆಂಟರಿ. ಡಿಸ್ಕೆಲ್ಲಾ ರೀಜನ್ ಎ (ಯಾವ ದೇಶದ ಪ್ಲೇಯರಲ್ಲಿ ಓಡತ್ತೆ ಅನ್ನೋ ಕೋಡು ಇದು), ಇಂಡಿಯಾ ಬರೋದು ರೀಜನ್ ಸಿ-ಲಿ, ಹಂಗಾಗಿ ಇಲ್ಲಿನ ಮಾಮೂಲಿ ಪ್ಲೇಯರಲ್ಲಿ ಓಡಲ್ಲ. ರೀಜನ್ ಫ್ರೀ ಪ್ಲೇಯರ್ ಇದ್ರೆ ಮಾತ್ರ ಮುಂದೆ ಓದಿ. ಅಮೆರಿಕಾದಲ್ಲಿರೋರಿಗೆ ಈ ತಲೆನೋವಿಲ್ಲ ಬಿಡಿ.

ಜಿಮ್ಮಲ್ಲಿ, ಕರಾಟೆ ಕ್ಲಾಸಲ್ಲಿ ಬ್ರೂಸ್ ಲೀ ಪೋಸ್ಟರ್ ನೋಡಿರ್ತೀವಿ, ಯೂಟ್ಯೂಬಲ್ಲಿ ಕ್ಲಿಪ್ ನೋಡಿರ್ತೀವಿ, ಪೂರ್ತಿ ಸಿನಿಮಾ ಕೂತು ನೋಡಿರೋರು ಎಷ್ಟು ಜನ? ನನ್ನ ಕೇಳಿದ್ರೆ ವರ್ಷದ ಲೆಕ್ಕದಲ್ಲಿ ಒಂದಾದ್ಮೇಲೊಂದು ನೋಡಿ, ಆಗ್ಲೇ ಗೊತ್ತಾಗೋದು ಇವನು ಎಷ್ಟು ಬೇಗ ಬೆಳೆದ ಅಂತ. ಅಮೆರಿಕಾದ ಟೀವಿ ಸೀರಿಯಲ್ಲಲ್ಲಿ ಮುಖವಾಡ ಹಾಕ್ಕೊಂಡು ಡ್ರೈವರ್ ಪಾರ್ಟ್ ಮಾಡ್ತಿದ್ದೋನು, 1971ರ ದಿ ಬಿಗ್ ಬಾಸ್‌ಗೆ ಥೈಲ್ಯಾಂಡಿಗೆ ಬರ್ತಾನೆ. ಅದ್ರಲ್ಲಿ ಜಗಳ ಆಡಲ್ಲ ಅಂತ ಅಮ್ಮನಿಗೆ ಮಾತು ಕೊಟ್ಟಿರ್ತಾನೆ, ಸುತ್ತ ಹೊಡೆದಾಟ ನಡೀತಿದ್ರೂ ಕೈ ಎತ್ತಲ್ಲ ಪುಣ್ಯಾತ್ಮ, ಐಸ್ ಫ್ಯಾಕ್ಟರೀಲಿ ಯಾರೋ ಕತ್ತಲ್ಲಿರೋ ಲಾಕೆಟ್ ಕಿತ್ತಾಗ ಶುರು ನೋಡಿ!

ಮಾರನೇ ವರ್ಷ ದಿ ವೇ ಆಫ್ ದಿ ಡ್ರ್ಯಾಗನ್, ಕತೆ ಡೈರೆಕ್ಷನ್ ಎರಡೂ ತಾನೇ. ರೋಮ್ ಕೊಲೊಸಿಯಂ ಫೈಟಲ್ಲಿ ಚಕ್ ನಾರಿಸ್ ಕೈಲಿ ಮೊದಲು ಚೆನ್ನಾಗಿ ಒದೆ ತಿಂತಾನೆ, ಆಮೇಲೆ ಹೆಜ್ಜೆ ಬದಲಾಯಿಸಿ ಕುಣಿಯೋ ಹಂಗೆ ಓಡಾಡೋಕೆ ಶುರು ಮಾಡ್ತಾನೆ, ಎದುರಿಗಿರೋನಿಗೆ ಲೆಕ್ಕಾನೇ ಸಿಗಲ್ಲ. 1958ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಚಾ-ಚಾ ಡ್ಯಾನ್ಸ್ ಚಾಂಪಿಯನ್ ಆಗಿದ್ದೋನು ಇವನು, ಆ ಕಾಲಲ್ಲಿ ಅದು ಕಾಣತ್ತೆ ಅಂತ ನನ್ನ ಥಿಯರಿ. ಗೆದ್ಮೇಲೆ ಸತ್ತೋನ ಮೇಲೆ ಅವನದೇ ಅಂಗಿ, ಬೆಲ್ಟ್ ಹೊದಿಸಿ ಹೋಗ್ತಾನೆ. ಇದೊಂದು ಸೀನಿಗೇ ಅರ್ಧ ದುಡ್ಡು ವಸೂಲಿ.

ಎಂಟರ್ ದಿ ಡ್ರ್ಯಾಗನ್ ಎಲ್ಲರಿಗೂ ಗೊತ್ತಿರೋದೇ, ಅದ್ರಲ್ಲಿ ಕೇಳ್ಸೋದು ಅವನ ಸ್ವಂತ ದನಿ, ಬೇರೆ ಸಿನಿಮಾಗಳ ಮ್ಯಾಂಡರಿನ್ (ಚೀನೀ ಭಾಷೆ) ಟ್ರ್ಯಾಕುಗಳಲ್ಲಿ ಬೇರೆಯವರ ಡಬ್ಬಿಂಗು. ಅದು ರಿಲೀಸಾಗೋ ಹೊತ್ತಿಗೆ ಅವನೇ ಇಲ್ಲ, 1973 ಜುಲೈ 20ಕ್ಕೆ ಹೋಗ್ಬಿಟ್ಟ, 32 ವಯಸ್ಸು ಅಷ್ಟೇ.

ಇನ್ನು ಅವನು ಹೋದ್ಮೇಲೆ ಬೇರೆಯವರು ಮುಗಿಸಿದ 1978ರ ಗೇಮ್ ಆಫ್ ಡೆತ್. ಸ್ವಾಮಿ, ಡೂಪ್‌ಗೆ ಕಪ್ಪು ಕನ್ನಡಕ ಹಾಕಿ, ಒಂದ್ಕಡೆ ಕನ್ನಡಿ ಮೇಲೆ ಲೀ ಫೋಟೋದ ಮುಖ ಅಂಟಿಸಿ ಶೂಟ್ ಮಾಡಿದಾರೆ, ಸಾಲದು ಅಂತ ಅವನ ನಿಜವಾದ ಅಂತ್ಯಕ್ರಿಯೆ ಫೂಟೇಜೂ ಹಾಕಿದಾರೆ. ಥೂ ಅನ್ಸತ್ತೆ. ಅದನ್ನ ಬಿಟ್ಟು, ಲೀ ತಾನೇ ಶೂಟ್ ಮಾಡಿದ್ದ ಭಾಗಗಳನ್ನ ಸೇರಿಸಿ ಕೊಟ್ಟಿರೋ 'ರಿಡಕ್ಸ್' ನೋಡಿ. ಹಳದಿ ಡ್ರೆಸ್ಸು, ಎದುರಿಗೆ ಏಳಡಿ ಮೀರಿದ ಬ್ಯಾಸ್ಕೆಟ್‌ಬಾಲ್ ಆಟಗಾರ ಕರೀಮ್ ಅಬ್ದುಲ್-ಜಬ್ಬಾರ್, ಯಾವ ಡೂಪೂ ಇಲ್ಲ.

ಪ್ರಿಂಟ್ ಸೂಪರ್, ಆದ್ರೆ ಇದು 4ಕೆ ಡಿಸ್ಕ್ ಅಲ್ಲ, ಮಾಮೂಲಿ ಬ್ಲೂ-ರೇ. ಸಬ್‌ಟೈಟಲ್ ಇಂಗ್ಲಿಷು. 5ಕ್ಕೆ 4, ಪೂರ್ತಿ ರೇಟ್ ಕೊಡ್ಬೇಡಿ, ಸೇಲ್ ಬರೋವರೆಗೂ ಕಾಯಿರಿ.