ಗಣಿ ಹೊಂಡದ ಸೋರಿಕೆ ಪತ್ತೆ ಸೇವೆ: ಉಪಕರಣಕ್ಕಿಂತ ಕ್ರಮಕ್ಕೆ ಹೆಚ್ಚು ಅಂಕ

ಗಣಿಯ ತ್ಯಾಜ್ಯನೀರಿನ ಹೊಂಡದ ಲೈನರ್ (ನೀರು ನೆಲಕ್ಕಿಳಿಯದಂತೆ ಹಾಸಿದ ಹೊದಿಕೆ) ಎಲ್ಲೋ ಸೋರುತ್ತಿದೆ ಎಂಬ ಅನುಮಾನ ಬಂದಾಗ ನಾವು ಕರೆಸಿದ ಸೋರಿಕೆ ಪತ್ತೆ ತಂಡದ ಕೆಲಸದ ಬಗ್ಗೆ ಈ ವಿಮರ್ಶೆ. ನಮ್ಮದು ಎರಡು ಪದರದ ಹೊಂಡ. ಮೇಲೆ ಮತ್ತು ಕೆಳಗೆ ಎಚ್‌ಡಿಪಿಇ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಹಾಳೆಗಳಿವೆ. ಅವುಗಳ ನಡುವೆ ಪ್ಲಾಸ್ಟಿಕ್ ಜಾಲರಿಯ ಪದರವಿದ್ದು, ಮೇಲಿನ ಹಾಳೆಯನ್ನು ದಾಟಿ ಬಂದ ನೀರು ಅದರಲ್ಲಿ ಹರಿದು ಮೂಲೆಯ ಸಂಪ್ ಸೇರುತ್ತದೆ. ಆ ಸಂಪ್‌ನ ಪಂಪು ಮೊದಲಿಗಿಂತ ಪದೇಪದೇ ಓಡತೊಡಗಿದ್ದೇ ನಮಗೆ ಸಿಕ್ಕ ಮೊದಲ ಸುಳಿವು.

ಬಂದವರು ಉಪಕರಣದ ಪೆಟ್ಟಿಗೆಯನ್ನು ತೆರೆಯುವ ಮೊದಲು ಕೇಳಿದ ಪ್ರಶ್ನೆ ಒಂದೇ: ಸಂಪ್‌ಗೆ ಬರುತ್ತಿರುವುದು ಯಾವ ನೀರು? ಏರಿಯ ಅಂಚಿನಿಂದ ಇಳಿದ ಮಳೆನೀರೂ, ಕೆಳಹಾಳೆಯ ಮೂಲಕ ಒಳಬಂದ ಅಂತರ್ಜಲವೂ ಅಲ್ಲಿಗೇ ಸೇರಬಹುದು. ಸಂಪ್‌ನ ನೀರಿನ ಪಿಎಚ್, ವಿದ್ಯುತ್ ವಾಹಕತೆ ಮತ್ತು ಸಲ್ಫೇಟ್ ಪ್ರಮಾಣ ಹೊಂಡದ ನೀರಿಗೆ ಹೊಂದಿಕೆಯಾದ ಮೇಲೆಯೇ ಅವರು ಸೋರಿಕೆ ಎಂಬ ಪದವನ್ನು ಬಳಸಿದರು. ಅಂತರ್ಜಲವನ್ನು ಪರೀಕ್ಷಿಸುವ ವೀಕ್ಷಣಾ ಬಾವಿಗಳಲ್ಲಿಯೂ ಸಲ್ಫೇಟನ್ನೇ ಮೊದಲು ಅಳೆಯಿಸಿದರು. ಲೋಹಗಳು ಮಣ್ಣಿಗೆ ಅಂಟಿಕೊಂಡು ಬಹಳ ತಡವಾಗಿ ಬಾವಿ ತಲುಪುವುದರಿಂದ, ಅವು ಕಾಣಲಿಲ್ಲವೆಂದು ನೆಮ್ಮದಿಯಾಗಿರುವಂತಿಲ್ಲ. ಹೊಂಡದ ಮಟ್ಟವನ್ನು ಅಳೆಯುವುದರಲ್ಲೂ ಅವರದು ಅದೇ ಹಟ. ಒಂದು ಹೆಕ್ಟೇರ್ ವಿಸ್ತಾರದಲ್ಲಿ 1 ಮಿ.ಮೀ. ಎಂದರೆ 10,000 ಲೀಟರ್. ಗಾಳಿಯ ಅಲೆಯಿಂದ ಓದುವಿಕೆ 3 ಮಿ.ಮೀ. ತಪ್ಪಿದರೆ ಇಲ್ಲದ ಸೋರಿಕೆ ಹುಟ್ಟಿಕೊಳ್ಳುತ್ತದೆ, ಇರುವ ಸೋರಿಕೆ ಮರೆಯಾಗುತ್ತದೆ. ಆದ್ದರಿಂದ ಅಲೆ ತಾಗದಂತೆ ಅಳತೆಗೋಲನ್ನು ರಂಧ್ರಗಳಿರುವ ಕೊಳವೆಯೊಳಗೆ ನಿಲ್ಲಿಸಿ, ಒಳಹರಿವು, ಮಳೆ ಮತ್ತು ಆವಿಯ ಲೆಕ್ಕದೊಂದಿಗೆ ಅದನ್ನು ತಾಳೆ ನೋಡಿದರು.

ಈ ಸೇವೆಯಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದದ್ದು ನೀರಿನ ಮಟ್ಟ ಇಳಿಸಿದ ರೀತಿ. ಹೊಸ ನೀರನ್ನು ನಿಲ್ಲಿಸಿ, ಇದ್ದುದನ್ನು ಬೇರೆ ಹೊಂಡಕ್ಕೆ ಸಾಗಿಸುವುದು ಎಲ್ಲರೂ ಹೇಳುವ ಮಾತು. 2021ರಲ್ಲಿ ಅಮೆರಿಕದ ಫ್ಲೋರಿಡಾದ ಪೈನೀ ಪಾಯಿಂಟ್‌ನಲ್ಲಿ, ಹಳೆಯ ಫಾಸ್ಫೇಟ್ ಕಾರ್ಖಾನೆಯ ಲೈನರ್ ಹಾಕಿದ ಹೊಂಡ ಸೋರಿದಾಗ, ಕಟ್ಟೆ ಒಡೆಯುವ ಭಯದಿಂದ ಸುಮಾರು 81 ಕೋಟಿ ಲೀಟರ್ ನೀರನ್ನು ಟ್ಯಾಂಪಾ ಕೊಲ್ಲಿಗೆ ಬಿಡಬೇಕಾಯಿತು. ನೀರು ಸಾಗಿಸಲು ಬೇರೆ ಜಾಗವಿಲ್ಲದಿದ್ದರೆ ಎಂಥ ಇಕ್ಕಟ್ಟು ಬರುತ್ತದೆ ಎಂಬುದಕ್ಕೆ ಅದು ಸಾಕ್ಷಿ. ಆದರೆ ಈ ತಂಡ ಮಟ್ಟ ಇಳಿಸುವುದನ್ನೇ ಹುಡುಕಾಟದ ಸಾಧನವನ್ನಾಗಿ ಮಾಡಿಕೊಂಡಿತು. ತೂತಿನ ಮೂಲಕ ಹರಿಯುವ ನೀರು ಅದರ ಮೇಲೆ ನಿಂತ ನೀರಿನ ಎತ್ತರದ ವರ್ಗಮೂಲಕ್ಕೆ ಅನುಗುಣವಾಗಿರುತ್ತದೆ. ತಳದಲ್ಲಿ ತೂತಿದ್ದರೆ 4 ಮೀಟರ್ ನೀರು 1 ಮೀಟರಿಗೆ ಇಳಿದಾಗ ಸೋರಿಕೆ ಸುಮಾರು ಅರ್ಧವಾಗುತ್ತದೆಯೇ ಹೊರತು ನಿಲ್ಲುವುದಿಲ್ಲ. ಇಳಿಜಾರಿನಲ್ಲಿದ್ದರೆ ನೀರು ಆ ತೂತಿಗಿಂತ ಕೆಳಗಿಳಿದೊಡನೆ ಸೋರಿಕೆ ಕಡಿದುಹೋಗುತ್ತದೆ. ಅವರು ಅರ್ಧ ಅರ್ಧ ಮೀಟರ್ ಇಳಿಸಿ, ಪ್ರತಿ ಹಂತದಲ್ಲೂ ಸಂಪ್‌ನ ಹರಿವು ಸ್ಥಿರವಾಗುವವರೆಗೆ ಕಾದು ಬರೆದುಕೊಂಡರು. ನಡುಪದರದಲ್ಲಿ ನೀರು ಹೊಂಡದ ಮಟ್ಟಕ್ಕಿಂತ ಮೇಲೆ ಉಳಿದರೆ ಮೇಲಿನ ಹಾಳೆ ಉಬ್ಬಿ ಏಳುತ್ತದೆ ಎಂದು ಸಂಪ್‌ನ ಪಂಪನ್ನೂ ಬಿಡದೆ ಓಡಿಸಿದರು. ಮಟ್ಟ 2.5 ಮೀಟರಿನಿಂದ 2 ಮೀಟರಿಗೆ ಇಳಿದಾಗ ಹರಿವು ಥಟ್ಟನೆ ಕುಸಿಯಿತು. ಒಳಹರಿವಿನ ಕೊಳವೆ ಹಾಳೆಯನ್ನು ದಾಟಿ ಬರುವುದು ಅದೇ ಎತ್ತರದಲ್ಲಿ.

ಇನ್ನು ನಾವು ಹಣ ಕೊಟ್ಟ ವಿದ್ಯುತ್ ಸಮೀಕ್ಷೆಯ ವಿಚಾರ. ಎಚ್‌ಡಿಪಿಇ ವಿದ್ಯುತ್ತನ್ನು ಹಾಯಗೊಡುವುದಿಲ್ಲ. ಹೊಂಡದ ನೀರಿನಲ್ಲೊಂದು, ಹಾಳೆಯ ಆಚೆಗೊಂದು ವಿದ್ಯುದ್ವಾರವಿಟ್ಟರೆ ವಿದ್ಯುತ್ ತೂತಿನ ಮೂಲಕವೇ ಹಾಯಬೇಕು, ಆ ಜಾಗದಲ್ಲಿ ವೋಲ್ಟೇಜ್ ಏರಿಳಿತ ಕಾಣಬೇಕು. ಎಎಸ್‌ಟಿಎಂ ಎಂಬ ಮಾನದಂಡ ಸಂಸ್ಥೆಯ ಡಿ7007 ಮಾನದಂಡದ ಈ ವಿಧಾನ ಎರಡು ಪದರದ ಹೊಂಡದಲ್ಲಿ ನಡೆಯಲು ನಡುಪದರದಲ್ಲೂ ನೀರು ತುಂಬಿರಬೇಕು, ಇಲ್ಲದಿದ್ದರೆ ವಿದ್ಯುತ್ತಿಗೆ ಆಚೆ ಹೋಗಲು ದಾರಿಯಿರುವುದಿಲ್ಲ. ಇದನ್ನು ಅವರು ನಮಗೆ ತಿಳಿಸಿದ್ದು ಸ್ಥಳಕ್ಕೆ ಬಂದ ಮೇಲೆ. ಕಬ್ಬಿಣದ ಏಣಿಯನ್ನೂ ಪಂಪಿನ ಕೇಬಲನ್ನೂ ತೆಗೆಯಬೇಕೆಂಬುದೂ ಆಗಲೇ ಗೊತ್ತಾಯಿತು. ಒಂದು ಪುಟದ ಪೂರ್ವಸಿದ್ಧತಾ ಪಟ್ಟಿ ಮೊದಲೇ ಬಂದಿದ್ದರೆ ನಮ್ಮ ಒಂದು ಇಡೀ ದಿನ ಉಳಿಯುತ್ತಿತ್ತು. ಇಂಥ ಕೆಲಸವನ್ನೇ ಕಸುಬಾಗಿಸಿಕೊಂಡವರಿಗೆ ಇದು ಸಲ್ಲದು.

ಕೃತಕ ತೂತೊಂದನ್ನು ಇಟ್ಟು ಉಪಕರಣ ಅದನ್ನು ಗುರುತಿಸುತ್ತದೆಂದು ತೋರಿಸಿದ ನಂತರವೇ ಅವರು ತಳವನ್ನು ಶೋಧಿಸಿದರು. ಅಲ್ಲಿ ತೂತು ಸಿಗಲಿಲ್ಲ. ನೀರಿನಿಂದ ಮೇಲಿದ್ದ ಇಳಿಜಾರಿನಲ್ಲಿ ನಡುಪದರ ಒಣಗಿದ್ದುದರಿಂದ ಈ ವಿಧಾನ ಅಲ್ಲಿ ನಂಬಲರ್ಹವಲ್ಲ ಎಂದು ಅವರೇ ಒಪ್ಪಿಕೊಂಡು, ಕೊಳವೆಯ ಸುತ್ತಲಿನ ಬೆಸುಗೆಗೆ ಸಾಬೂನು ನೀರು ಹಚ್ಚಿ, ಮೇಲೆ ನಿರ್ವಾತ ಪೆಟ್ಟಿಗೆಯನ್ನು ಒತ್ತಿ ಗಾಳಿ ಎಳೆದರು. ಎರಡನೆಯ ಸಲವೇ ಗುಳ್ಳೆ ಎದ್ದಿತು. ದುಬಾರಿ ಉಪಕರಣವಿದ್ದೂ ತೂತನ್ನು ಹಿಡಿದುಕೊಟ್ಟದ್ದು ಅಳತೆಗೋಲು ಮತ್ತು ಸಾಬೂನು ಎಂದು ನಮ್ಮ ಲೆಕ್ಕಪತ್ರ ವಿಭಾಗದವರು ನಕ್ಕರು. ನಾನು ಹಾಗೆ ನೋಡುವುದಿಲ್ಲ: ತಳ ಗಟ್ಟಿಯಾಗಿದೆ ಎಂಬ ಭರವಸೆಯಿಲ್ಲದೆ ಹೊಂಡವನ್ನು ಮತ್ತೆ ತುಂಬಲು ನಾನಂತೂ ಸಹಿ ಹಾಕುತ್ತಿರಲಿಲ್ಲ.

ದುರಸ್ತಿ ಅವರ ಗುತ್ತಿಗೆಯಲ್ಲಿರಲಿಲ್ಲ. ಆದರೂ ಜಾಗವನ್ನು ಒಣಗಿಸಿ, ಉಜ್ಜಿ, ಸೀಳಿನ ಎಲ್ಲ ಬದಿಗೂ 150 ಮಿ.ಮೀ. ಚಾಚುವಂತೆ ತೇಪೆ ಬೆಸೆಯುವವರೆಗೆ ಅವರ ಮೇಲ್ವಿಚಾರಕರು ನಿಂತು ನೋಡಿದರು. ಅದೇ ಪೆಟ್ಟಿಗೆಯಿಂದ ಮರುಪರೀಕ್ಷೆಯನ್ನೂ ಮಾಡಿದರು. ನಿಯಂತ್ರಣ ಪ್ರಾಧಿಕಾರಕ್ಕೆ ತಿಳಿಸಲು ಸಮೀಕ್ಷೆಯ ಫಲಿತಾಂಶಕ್ಕಾಗಿ ಕಾಯಬಾರದೆಂದು ಮೊದಲ ದಿನವೇ ಎಚ್ಚರಿಸಿದ್ದರು. ವರದಿ ಮಾತ್ರ ನಿರಾಶೆ ತಂದಿತು: ಬಣ್ಣಬಣ್ಣದ ನಕ್ಷೆಗಳಿದ್ದವು, ಮೂಲ ಓದುವಿಕೆಗಳು ಇರಲಿಲ್ಲ, ಅವನ್ನು ಎರಡು ಬಾರಿ ಕೇಳಿ ಪಡೆಯಬೇಕಾಯಿತು. ಇವರನ್ನು ಕರೆಸುವವರು ಮೂಲ ದತ್ತಾಂಶ ಮತ್ತು ಪೂರ್ವಸಿದ್ಧತಾ ಪಟ್ಟಿ ಎರಡನ್ನೂ ಒಪ್ಪಂದದಲ್ಲೇ ಬರೆಸಿಕೊಳ್ಳಲಿ. ಐದಕ್ಕೆ ನಾಲ್ಕು ಅಂಕ.