ಸ್ಕೀಮಿನಲ್ಲಿ ಹೋದ ದುಡ್ಡಿಗೆ ಟ್ಯಾಕ್ಸ್ ರೀಫಂಡ್ ಕೊಡಿಸ್ತೀನಿ ಅನ್ನುವವರನ್ನು ನಂಬಬೇಡಿ

ನಾನು ಎರಡು ಸಲ ಮೋಸ ಹೋದೆ. ಮೊದಲನೆಯದು ಮನೆಯವರಿಗೆ ಗೊತ್ತು. ಎರಡನೆಯದನ್ನು ಇವತ್ತಿನವರೆಗೆ ಮನೆಯಲ್ಲಿ ಹೇಳಿರಲಿಲ್ಲ.

2022ರಲ್ಲಿ ಚಿನ್ನದ ಸ್ಕೀಮ್ ಒಂದಕ್ಕೆ 6 ಲಕ್ಷ ಹಾಕಿದೆ. ತಿಂಗಳಿಗೆ ನೂರಕ್ಕೆ 3 ರೂಪಾಯಿ ಬಡ್ಡಿ. ನಾಲ್ಕು ತಿಂಗಳು 18,000 ಬಂತು, ಆಮೇಲೆ ಅಂಗಡಿಗೆ ಬೀಗ. ಇಂಥದ್ದು ಹೇಗೆ ಮುಗಿಯುತ್ತದೆ ಅಂತ ನಿಮಗೆಲ್ಲ ಗೊತ್ತು, ಬೆಳೆಸಲ್ಲ. ಹೊಟ್ಟೆ ಉರಿದಿದ್ದು ಏನಂದ್ರೆ, ಆ 72,000ವನ್ನೂ ಆದಾಯ ಅಂತ ತೋರಿಸಬೇಕಾಯಿತು. ನನ್ನದೇ ದುಡ್ಡನ್ನು ಬಡ್ಡಿ ಅಂತ ನನಗೇ ಕೊಟ್ಟಿದ್ದರು!

ಆ ಉರಿಯಲ್ಲೇ 2023ರ ಜುಲೈನಲ್ಲಿ ರಿಟರ್ನ್ ಹಾಕಿಕೊಡುವ ಒಬ್ಬನ ಹತ್ತಿರ ಹೋದೆ. "6 ಲಕ್ಷ ಲಾಸ್ ಆಗಿದೆ ಅಲ್ವಾ ಸಾರ್? ಅದನ್ನ ಸಂಬಳದಲ್ಲಿ ಕಳೆದು ತೋರಿಸೋಣ. ರೀಫಂಡ್ ಬಂದ್ರೆ ನೂರಕ್ಕೆ ಹತ್ತು ನನಗೆ, ಬರದಿದ್ರೆ ಏನೂ ಬೇಡ" ಅಂದ. ಫಾರ್ಮ್ 16 (ಸಂಬಳ, ಅದರಲ್ಲಿ ಹಿಡಿದ ತೆರಿಗೆಯ ಲೆಕ್ಕ ಅಂತ ಕಂಪನಿ ಕೊಡುವ ಪತ್ರ) ಕೊಟ್ಟೆ. ಪಾಸ್‌ವರ್ಡ್ ಕೊಟ್ಟೆ. ಫೋನಿಗೆ ಬಂದ ಓಟಿಪಿಯನ್ನೂ ಓದಿ ಹೇಳಿದೆ. 1,24,800 ರೂಪಾಯಿ ಖಾತೆಗೆ ಬಂತು. ಅವತ್ತೇ 12,480 ಕಳಿಸಿ ಥ್ಯಾಂಕ್ಸ್ ಬೇರೆ ಹೇಳಿದೆ.

2025ರ ಜನವರಿಯಲ್ಲಿ ಆದಾಯ ತೆರಿಗೆ ಇಲಾಖೆಯಿಂದ ಮೆಸೇಜ್. ನೀವು ಕೇಳಿದ ಕಡಿತ ಸರಿಯಿದೆಯಾ ನೋಡಿಕೊಳ್ಳಿ ಅಂತ. ರಿಟರ್ನ್ ತೆಗೆದು ನೋಡಿದೆ. ಲಾಸ್ ಅನ್ನುವ ಮಾತೇ ಎಲ್ಲೂ ಇಲ್ಲ. 80ಜಿಜಿಸಿ ಅನ್ನುವ ಸೆಕ್ಷನ್ ಅಡಿ 4 ಲಕ್ಷ ಕಡಿತ. ಅಂದ್ರೆ ನಾನು ರಾಜಕೀಯ ಪಕ್ಷಕ್ಕೆ 4 ಲಕ್ಷ ದೇಣಿಗೆ ಕೊಟ್ಟಿದ್ದೇನೆ ಅಂತ. ನಾನು! ಯಾವ ಪಕ್ಷಕ್ಕೂ ಒಂದು ರೂಪಾಯಿ ಕೊಟ್ಟವನಲ್ಲ. ಇಮೇಲ್ ಜಾಗದಲ್ಲಿ ಅವನದೇ ಇಮೇಲ್. ಕೈ ನಡುಗಿತು.

ಫೋನ್ ಮಾಡಿದೆ. "ರೀಫಂಡ್ ಬರುತ್ತೆ ಅಂದಿದ್ದೆ, ಬಂತಲ್ಲ ಸಾರ್?"

ಲಾಸ್ ತೋರಿಸ್ತೀನಿ ಅಂದಿದ್ರಲ್ಲ ಅಂದೆ.

"ಅದಕ್ಕೆ ಕಾಲಮ್ಮೇ ಇಲ್ಲ ಸಾರ್, ಅದಕ್ಕೇ ಬೇರೆ ಕಡೆ ಹಾಕಿದೆ."

ಕಾಲಮ್ಮೇ ಇಲ್ಲ! ಗೊತ್ತಿದ್ದೂ ನನ್ನಿಂದ ದುಡ್ಡು ತಗೊಂಡಿದ್ದ. "ಓಟಿಪಿ ಕೊಟ್ಟಿದ್ದು ನೀವೇ ತಾನೇ" ಅಂದು ಫೋನ್ ಇಟ್ಟ. ಆಮೇಲೆ ನನ್ನ ನಂಬರ್ ಬ್ಲಾಕ್.

ಕೊನೆಗೆ ಸಿಎ ಒಬ್ಬರ ಹತ್ತಿರ ಹೋದೆ. ಸಂಬಳದವರು ಇಂಥ ಕಡೆ ಕಳೆದುಕೊಂಡ ಅಸಲನ್ನು ಸಂಬಳದಲ್ಲಿ ಕಳೆಯುವ ದಾರಿಯೇ ಇಲ್ಲ ಅಂದರು. ಬಂಡವಾಳ ನಷ್ಟ ಅನ್ನೋಣ ಅಂದ್ರೆ ನಾನು ಯಾವ ಆಸ್ತಿಯನ್ನೂ ಮಾರಿಲ್ಲ. ಬಾರದ ಸಾಲ ಅನ್ನೋಣ ಅಂದ್ರೆ ನನ್ನದು ಲೇವಾದೇವಿ ವ್ಯವಹಾರವಲ್ಲ. ಕೆಲಸದವನು ಗಲ್ಲಾ ದುಡ್ಡು ಹೊಡೆದರೆ ವ್ಯಾಪಾರಿಗೆ ಅದು ವ್ಯಾಪಾರದ ನಷ್ಟವಾಗಿ ಸಿಗುತ್ತದೆ, ಸುಪ್ರೀಂ ಕೋರ್ಟ್ 1958ರಲ್ಲೇ ಇಂಥ ಕೇಸಿನಲ್ಲಿ ಒಪ್ಪಿದೆ. ನನಗೆ ಅದೂ ಇಲ್ಲ. ಇಷ್ಟು ಹೇಳೋಕೆ ಅವರಿಗೆ ಹತ್ತು ನಿಮಿಷ ಸಾಕಾಯಿತು. 2023ರಲ್ಲೇ ಹೋಗಬೇಕಿತ್ತು.

ಫೆಬ್ರವರಿಯಲ್ಲಿ ಐಟಿಆರ್-ಯು, ಅಂದ್ರೆ ಹಳೇ ರಿಟರ್ನಿನ ತಪ್ಪು ತಿದ್ದಿ ಮತ್ತೆ ಹಾಕುವ ರಿಟರ್ನ್, ಹಾಕಿಸಿದೆ. ಬಂದ ರೀಫಂಡ್ ವಾಪಸ್, ಬಡ್ಡಿ, ಅದರ ಮೇಲೆ 25% ಹೆಚ್ಚುವರಿ ತೆರಿಗೆ. ಒಂದೂವರೆ ಲಕ್ಷ ದಾಟಿತು. ಮಾರ್ಚ್ ಕಳೆದಿದ್ದರೆ 25% ಹೋಗಿ 50% ಆಗುತ್ತಿತ್ತು. ಇಲಾಖೆಯವರೇ ಹಿಡಿದಿದ್ದರೆ ದಂಡವೇ ತೆರಿಗೆಯ ಎರಡರಷ್ಟು ಬೀಳಬಹುದಿತ್ತು.

ರೀಫಂಡಿನಲ್ಲಿ ಪಾಲು ಕೇಳುವವನ ಹತ್ತಿರ ದಯವಿಟ್ಟು ಹೋಗಬೇಡಿ. ಓಟಿಪಿ ಹೇಳುವ ಮುಂಚೆ ರಿಟರ್ನ್ ಪೂರ್ತಿ ಓದಿ. ಇಮೇಲ್, ಫೋನ್ ನಂಬರ್ ನಿಮ್ಮದೇ ಇದೆಯಾ ನೋಡಿ. ಹೋದ ದುಡ್ಡಿಗೆ ಪೊಲೀಸ್ ದೂರು ಕೊಡಿ, ರಸೀದಿ ಜೋಪಾನ ಮಾಡಿ. ಠೇವಣಿದಾರರಿಗಾಗಿ ನಮ್ಮ ರಾಜ್ಯದಲ್ಲಿ 2004ರ ಕಾಯ್ದೆ ಇದೆ, ಏನಾದರೂ ಸಿಕ್ಕರೆ ಆ ದಾರಿಯಲ್ಲೇ ಸಿಗಬೇಕು. ನಿಮ್ಮ ಅಸಲು ವಾಪಸ್ ಬಂದರೆ ಅದಕ್ಕೆ ಟ್ಯಾಕ್ಸ್ ಇಲ್ಲ.

ಮೊನ್ನೆ ಅವನ ಆಫೀಸಿನ ಮುಂದೆ ಹೋದೆ. ಆರೇಳು ಜನ ಫಾರ್ಮ್ 16 ಹಿಡಿದು ಕೂತಿದ್ದರು. ಹೊರಗೆ ಬಂದ ಒಬ್ಬರನ್ನು ನಿಲ್ಲಿಸಿ ಇದನ್ನೆಲ್ಲ ಹೇಳಿದೆ. "ನನಗೆ ಹೋದ ವರ್ಷ ಬಂತಲ್ಲ ಸಾರ್" ಅಂದರು.