ಮೂರು ಮಳೆಗಾಲ ಕಳೆದ ಮೇಲೆ 7018 ರಾಡಿನ ಬಗ್ಗೆ

ಮಲ್ಪೆಯಲ್ಲಿ ಜೂನ್, ಜುಲೈ ಅಂದರೆ ಬೋಟುಗಳಿಗೆ ರಜೆ, ನಮ್ಮ ವೆಲ್ಡಿಂಗ್ ಶಾಪಿಗೆ ಸೀಸನ್. ಆ 61 ದಿನಗಳೊಳಗೆ ರಿಪೇರಿ ಎಲ್ಲ ಮುಗಿಯಬೇಕು. ಮೂರು ವರ್ಷದ ಹಿಂದೆ ಬಲೆ ಎಳೆಯುವ ಒಂದು ವಿಂಚ್‌ನ ಶಾಫ್ಟಿಗೆ ಫ್ಲೇಂಜ್ (ಬಿಲ್ಲೆಯಂಥ ಚಾಚು) ಬೆಸೆದಿದ್ದೆ, ಮಾಮೂಲಿ 6013 ವೆಲ್ಡಿಂಗ್ ರಾಡಿನಲ್ಲಿ. ನೋಡಲು ಚಂದ ಇತ್ತು. ಮರುದಿನ ಬೆಳಿಗ್ಗೆ ಶಟರ್ ಎತ್ತಿ ನೋಡಿದರೆ ಕೂದಲೆಳೆಯಷ್ಟು ಬಿರುಕು. ಬೆಸುಗೆಯ ಮೇಲಲ್ಲ, ಅದರ ಅಂಚಿಗೆ ತಾಗಿಕೊಂಡು ಶಾಫ್ಟಿನಲ್ಲಿ. ಅವತ್ತು ನಿಜಕ್ಕೂ ಹೊಟ್ಟೆ ಉರಿದಿತ್ತು. ಅದಾದ ಮೇಲೆ ತಂದದ್ದು 7018, ಹೈಡ್ರೋಜನ್ ಕಡಿಮೆ ಬಿಡುವ ರಾಡು.

ಆ ಶಾಫ್ಟು ಇಎನ್ 8 ಉಕ್ಕು. ಅದರಲ್ಲಿ ಇಂಗಾಲ 0.4% ಆಸುಪಾಸು. ಗೇಟು, ಗ್ರಿಲ್‌ಗೆ ಬಳಸುವ ಮೆದು ಉಕ್ಕಿನಲ್ಲಿ, ಅಂದರೆ ಒಳ್ಳೆ ಎಂಎಸ್‌ನಲ್ಲಿ ಹೆಚ್ಚೆಂದರೆ 0.23%. ಇಂಗಾಲ ಜಾಸ್ತಿಯಿದ್ದ ಉಕ್ಕು ಬೆಸೆದ ಕೂಡಲೇ ಬೇಗ ತಣಿದರೆ, ಬೆಸುಗೆಯ ಪಕ್ಕದಲ್ಲಿ ಗಡುಸಾಗಿ ಪೆಡಸಾಗುತ್ತದೆ. ರಾಡಿನ ಕೋಟಿಂಗ್‌ನ ತೇವದಿಂದ ಬರುವ ಹೈಡ್ರೋಜನ್ ಅಲ್ಲಿಗೆ ಇಳಿದರೆ ಮುಗಿಯಿತು. ಒಡೆಯುವುದು ಆಗಲೇ ಅಲ್ಲ, ಎಷ್ಟೋ ಗಂಟೆ ಬಿಟ್ಟು. 6013ರ ಕೋಟಿಂಗ್‌ಗೆ ಸ್ವಲ್ಪ ತೇವ ಬೇಕೇ ಬೇಕು. 7018ಕ್ಕೆ ಒಣಗಿರುವುದೇ ಜೀವ.

ಹಾಗಾಗಿ ಈಗ ನನ್ನ ಬೆಳಗು ಶುರುವಾಗುವುದು ರಾಡ್ ಓವನ್ನಿನಿಂದ. ದೇವರ ಪಟಕ್ಕೆ ಊದುಬತ್ತಿ ಹಚ್ಚಿ, ಆ ದಿನಕ್ಕೆ ಬೇಕಾದಷ್ಟೇ ರಾಡು ಎಣಿಸಿ ಒಳಗಿಡುತ್ತೇನೆ. 300 ಡಿಗ್ರಿ, ಎರಡು ಗಂಟೆ. ಅಷ್ಟರಲ್ಲಿ ಚಾ, ಗೋಳಿಬಜೆ ಬರುತ್ತದೆ. ಶಾಫ್ಟಿನ ತುಕ್ಕು, ಗ್ರೀಸ್ ಉಜ್ಜಿ ತೆಗೆಯುತ್ತೇನೆ. ಒಣಗಿದ ಎರಡು ರಾಡನ್ನು ಒಂದಕ್ಕೊಂದು ತಾಗಿಸಿದರೆ ಟಿಣ್ ಅನ್ನುತ್ತದೆ. ತೇವ ಹಿಡಿದದ್ದು ಹಾಗೆ ಅನ್ನುವುದಿಲ್ಲ, ಮಂಕು ಸದ್ದು. ಹೊರಗೆ ಆಟಿಯ ಮಳೆ ಸುರಿಯುತ್ತಿರುವಾಗ ಬಿಸಿ ಬಿಸಿ ರಾಡನ್ನು ಹೋಲ್ಡರಿಗೆ ಸಿಕ್ಕಿಸುವ ಖುಷಿಯೇ ಬೇರೆ. ಶಾಫ್ಟನ್ನೂ ಗ್ಯಾಸ್ ಟಾರ್ಚಿನಲ್ಲಿ 200 ಡಿಗ್ರಿ ತನಕ ಕಾಯಿಸಿ, ಬೆಸೆದು, ನಿಧಾನಕ್ಕೆ ತಣಿಯಲಿ ಅಂತ ಒಣ ಮರಳಲ್ಲಿ ಹೂತು ರಾತ್ರಿಯಿಡೀ ಬಿಡುತ್ತೇನೆ. ಆಮೇಲೆ ಒಂದು ಇಎನ್ 8 ಶಾಫ್ಟೂ ವಾಪಸ್ ಬಂದಿಲ್ಲ.

ಕಿರಿಕಿರಿ ಇಲ್ಲ ಅಂತಲ್ಲ. ನಡುವೆ ನಿಲ್ಲಿಸಿದರೆ ರಾಡಿನ ತುದಿಗೆ ಸ್ಲ್ಯಾಗ್, ಅಂದರೆ ಕರಗಿದ ಕೋಟಿಂಗಿನ ಗಟ್ಟಿ ಪದರ, ಕೂರುತ್ತದೆ, ಪ್ರತಿ ಸಲ ಕುಟ್ಟಿ ಬಿಡಿಸಬೇಕು. ನನ್ನ ಹಳೆ ಎಸಿ ಟ್ರಾನ್ಸ್‌ಫಾರ್ಮರ್ ಮೆಷಿನ್‌ನಲ್ಲಿ ಆರ್ಕ್ ನಿಲ್ಲಲೇ ಇಲ್ಲ, ಡಿಸಿ ಇನ್ವರ್ಟರ್ ತೆಗೆದುಕೊಂಡೆ. ಓವನ್, ಮೆಷಿನ್ ಸೇರಿದರೆ ಸಣ್ಣ ಶಾಪಿಗೆ ದೊಡ್ಡ ಖರ್ಚೇ.

ಆದರೆ ಬೇಜಾರಾದದ್ದು ಹೋದ ವರ್ಷ. ಲೇತಿನಲ್ಲಿ ಹೊಸದಾಗಿ ಮಾಡಿಸಿದ ಪಿನ್ನೊಂದು ಬಂತು, ಫಳಫಳ ಹೊಳೆಯುತ್ತಿತ್ತು. ರಾಡು ಒಣಗಿಸಿದ್ದೆ, ಪಿನ್ ಕಾಯಿಸಿದ್ದೆ. ಆದರೂ ಕಣ್ಣೆದುರೇ, ಕೆಂಪು ಆರುವ ಮೊದಲೇ, ಬೆಸುಗೆಯ ನಡುವೆ ಉದ್ದಕ್ಕೆ ಸೀಳಿತು. ಎರಡು ಸಲ. ಲೇತಿನವರನ್ನು ಕೇಳಿದೆ.

"ಇಎನ್ 1ಎ ಮಾರಾಯ್ರೇ. ಬೆಣ್ಣೆಯ ಹಾಗೆ ಕಟ್ ಆಗ್ತದೆ, ಅದಕ್ಕೇ ತಂದದ್ದು" ಅಂದರು.

ಬೆಣ್ಣೆಯ ಹಾಗೆ ಕಟ್ ಆಗಲಿ ಅಂತಲೇ ಅದಕ್ಕೆ ಗಂಧಕ ಸೇರಿಸುತ್ತಾರೆ, 0.2ರಿಂದ 0.3%. ಎಂಎಸ್‌ನಲ್ಲಿ 0.045% ದಾಟಬಾರದು. ಉಳಿದ ಉಕ್ಕೆಲ್ಲ ಗಟ್ಟಿಯಾದರೂ ಕಬ್ಬಿಣ-ಗಂಧಕದ ತೆಳು ಪದರ ಕೊನೆಯ ತನಕ ದ್ರವವಾಗಿಯೇ ಇರುತ್ತದೆ. ಬೆಸುಗೆ ತಣಿದು ಕುಗ್ಗುವಾಗ ಅಲ್ಲೇ ಹರಿಯುತ್ತದೆ. ಗಂಧಕವನ್ನು ತಾಳಿಕೊಳ್ಳುವುದರಲ್ಲಿ 6013ಕ್ಕಿಂತ 7018 ಮೇಲೆ. ಆದರೆ ಇಷ್ಟು ಗಂಧಕಕ್ಕೆ ಅದೂ ಸಾಲದು. ಪಿನ್ನನ್ನು ಇಎನ್ 8ರಲ್ಲಿ ಮಾಡಿಸಿ ತರಲು ಹೇಳಿದೆ.

ಈಗ ಗುರುತಿಲ್ಲದ ಉಕ್ಕು ಬಂದರೆ ಮೊದಲು ಗ್ರೈಂಡರಿಗೆ ತಾಗಿಸುತ್ತೇನೆ. ಎಂಎಸ್ ಆದರೆ ಉದ್ದುದ್ದ ಗೆರೆಯ ಕಿಡಿ. ಇಂಗಾಲ ಹೆಚ್ಚಿದ್ದರೆ ನಕ್ಷತ್ರಕಡ್ಡಿಯ ಹಾಗೆ ಕವಲೊಡೆದು ಸಿಡಿಯುತ್ತದೆ. ಗಂಧಕ ಮಾತ್ರ ಕಿಡಿಯಲ್ಲಿ ಕಾಣುವುದಿಲ್ಲ, ಲೇತಿನವರನ್ನೇ ಕೇಳಬೇಕು.

ಗೇಟು, ಕಿಟಕಿ ಮಾಡುವವರು ಸುಮ್ನೆ ಇದಕ್ಕೆ ದುಡ್ಡು ಹಾಕಬೇಡಿ, 6013 ಧಾರಾಳ ಸಾಕು. ಶಾಫ್ಟು, ಭಾರ ಹೊರುವ ಕೆಲಸ ಇದ್ದರೆ ತೆಗೆದುಕೊಳ್ಳಿ, ಓವನ್ ಸಮೇತ.

ಅಂದು ಬಿರುಕು ಬಿಟ್ಟ ಶಾಫ್ಟನ್ನು ಪೂರ್ತಿ ಗ್ರೈಂಡ್ ಮಾಡಿ 7018ರಲ್ಲಿ ಮತ್ತೆ ಬೆಸೆದಿದ್ದೆ. ಈ ಜೂನ್‌ನಲ್ಲಿ ಅದೇ ಬೋಟಿನವರು ಬಂದಿದ್ದರು. ಗ್ರೀಸ್ ಒರೆಸಿ, ಟಾರ್ಚ್ ಹಿಡಿದು ಸುತ್ತಲೂ ನೋಡಿದೆ. ಏನೂ ಆಗಿರಲಿಲ್ಲ. ಬೇರಿಂಗ್ ಮಾತ್ರ ಬದಲಿಸಿ ಕಳಿಸಿದೆ.